ವಾಶಿಯಲ್ಲಿ ಎದ್ದು ನಿಲ್ಲುವ ಸರದಿ

ಪನವೇಲ್
೪ ಫೆಬ್ರವರಿ ೨೦೨೪

ಬಸಲಿಂಗವ್ವ ವೈನಿಯವರಿಗೆ ನಾಗರತ್ನಾಳ ನಮಸ್ಕಾರಗಳು. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ನೀವೂ ಅಣ್ಣನೂ ವಿಜಯಪುರದಲ್ಲಿ ಆರಾಮ ಇದ್ದೀರೆಂದು ನಂಬಿದ್ದೇನೆ. ನೀವು ನಮ್ಮ ಮನೆಗೆ ಸೊಸೆಯಾಗಿ ಬಂದ ವರ್ಷ, ಒಂಬತ್ತರ ಹುಡುಗಿಯಾಗಿದ್ದ ನನಗೆ ಎರಡು ಜಡೆ ಹೆಣೆಯುತ್ತ, ಪತ್ರವೆಂದರೆ ಹೀಗೆಯೇ ಶುರುವಾಗಬೇಕು ಎಂದು ಕಲಿಸಿದ್ದಿರಿ. ಕಲಿಸಿದ ಟೀಚರಿಗೇ ಬರೆಯುವಾಗ ತಪ್ಪಿಸುವಂತಿಲ್ಲ.

ಫೋನಿದ್ದೂ ಕಾಗದ ಯಾಕೆ ಎಂದು ಮಗಳು ಸ್ನೇಹಲ್ ನಗುತ್ತಾಳೆ. ನಿಮ್ಮ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅರ್ಧ ನಿಮಗೆ ಕೇಳುತ್ತದೆ, ಉಳಿದರ್ಧ ನೀವೇ ಹುಟ್ಟಿಸಿಕೊಳ್ಳುತ್ತೀರಿ. ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಲಾರಿ ವಾರಕ್ಕೊಮ್ಮೆ ವಡಾಲದಿಂದ ವಿಜಯಪುರಕ್ಕೆ ಹೋಗುತ್ತದೆ. ಡ್ರೈವರ್ ಸಂಗಪ್ಪ ನಿಮ್ಮ ಓಣಿಯವನೇ. ಪೋಸ್ಟಿಗಿಂತ ಅವನೇ ವಾಸಿ.

ನವೆಂಬರಿನಲ್ಲಿ ಆಪರೇಷನ್ ಮಾಡಿ ಒಂದು ಎದೆ ತೆಗೆದದ್ದು ನಿಮಗೆ ಗೊತ್ತೇ ಇದೆ. ಈಗ ಆರು ಕೀಮೋದಲ್ಲಿ ಎರಡು ಮುಗಿದವು. ಇಪ್ಪತ್ತೊಂದು ದಿನಕ್ಕೊಂದು. ಕೂದಲು ಹೋಯಿತು. ನೀವು ಅಷ್ಟು ಎಣ್ಣೆ ತಿಕ್ಕಿ ಬೆಳೆಸಿದ್ದು ಎರಡೇ ದಿನದಲ್ಲಿ ದಿಂಬಿನ ಮೇಲೆ ಬಂದು ಬಿತ್ತು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನೀವು ಹೇಳುತ್ತಿದ್ದಿರಿ. ಈ ರೋಗಕ್ಕೆ ಆ ಗಾದೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ.

ಕೀಮೋ ಆದ ವಾರ ರಜೆ ಹಾಕುತ್ತೇನೆ, ಆಮೇಲೆ ಎರಡು ವಾರ ಕೆಲಸಕ್ಕೆ ಹೋಗುತ್ತೇನೆ. ಅದೇ ಎಂಟು ಹನ್ನೆರಡರ ಲೋಕಲ್ ರೈಲು, ಇಲ್ಲಿ ಡಬ್ಬಿ ಎನ್ನುವ ಅದೇ ಹೆಂಗಸರ ಬೋಗಿ, ಅದೇ ನಮ್ಮ ಏಳು ಜನರ ಗುಂಪು. ಹನ್ನೆರಡು ವರ್ಷದಿಂದ ನಮ್ಮ ಕಾನೂನು ಒಂದೇ. ಪನವೇಲಿನಲ್ಲಿ ಹತ್ತಿ ಕೂತವರು ವಾಶಿ ಬಂದಾಗ ಏಳಬೇಕು, ನೆರೂಳಿನಿಂದ ನಿಂತು ಬಂದವರಿಗೆ ಸೀಟು ಕೊಡಬೇಕು. ನಾನೂ ಏಳುತ್ತೇನೆ. ನನಗೆ ಯಾರ ರಿಯಾಯಿತಿಯೂ ಬೇಡ.

ಸ್ವಲ್ಪ ದಣಿವಿದೆ, ಯಾರಿಗಿಲ್ಲ ಹೇಳಿ. ಅಣ್ಣನಿಗೆ ನಮಸ್ಕಾರ ತಿಳಿಸಿ.

ನಿಮ್ಮ
ನಾಗರತ್ನಾ


ವಿಜಯಪುರ
೧೩ ಫೆಬ್ರವರಿ ೨೦೨೪

ಚಿರಂಜೀವಿ ನಾಗೂಗೆ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಾನು ಓದಿದೆ, ನಿನ್ನ ಅಣ್ಣ ಓದಿದರು, ಆಮೇಲೆ ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರಿಗೆಲ್ಲ ಓದಿ ಹೇಳಿದೆ. ಒಬ್ಬೊಬ್ಬರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆ ಭುವನೇಶ್ವರಿ ನೆಗಡಿ ಬಂದರೆ ಎಂಟು ದಿನ ಕಂಬಳಿ ಬಿಟ್ಟು ಏಳುವವಳಲ್ಲ. ಅವಳಿಗೆ ಹೇಳಿದೆ: “ನಮ್ಮ ನಾಗೂನ ನೋಡ್ರಿ, ಕ್ಯಾನ್ಸರ್ ಬಂದರೂ ರೇಲ್ವೇದಾಗ ನಿಂತು ಕೆಲಸಕ್ಕ ಹೋಗ್ತಾಳ. ಆಕಿ ಎದೀ ಗಟ್ಟಿ ಐತಿ.” ಹೇಳುವಾಗ ನನ್ನ ಎದೆಯೂ ಉಬ್ಬಿತ್ತು.

ನಮ್ಮ ಮನೆಯ ಹೆಣ್ಣುಮಕ್ಕಳು ಹಾಸಿಗೆ ಹಿಡಿದವರಲ್ಲ. ಈ ರೋಗ ಮಲಗಿದವರನ್ನು ಇನ್ನಷ್ಟು ಮಲಗಿಸುತ್ತದಂತೆ. ನೀನು ಹೀಗೇ ಓಡಾಡಿಕೊಂಡಿರು. ನೂರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಂಗಪ್ಪನ ಕೈಲಿ ಕಳಿಸಿದ್ದೇನೆ. ನಿನ್ನ ಮನೆಯವರಾದ ಈಶ್ವರ ಅವರಿಗೂ ಸ್ನೇಹಲ್‌ಗೂ ಬಡಿಸು.

ಅಂದಹಾಗೆ ನಿನ್ನ ಅಕ್ಷರ ಕೆಟ್ಟಿದೆ. ಸಾಲುಗಳು ಬಲಕ್ಕೆ ಹೋಗುತ್ತ ಕೆಳಗಿಳಿಯುತ್ತವೆ. ಗೆರೆ ಹಾಕಿದ ಹಾಳೆಯ ಮೇಲೆ ಬರೆ. ಮೂವತ್ತಾರು ವರ್ಷ ಮಕ್ಕಳ ಕಾಪಿ ತಿದ್ದಿದವಳ ಕಣ್ಣು ತಪ್ಪಿಸುವುದು ಸುಲಭವಲ್ಲ.

ನಿನ್ನ
ವೈನಿ


ಪನವೇಲ್
೧೭ ಮಾರ್ಚ್ ೨೦೨೪

ವೈನಿಯವರಿಗೆ ನಮಸ್ಕಾರಗಳು. ಇಲ್ಲಿ ಎಲ್ಲರೂ ಆರಾಮ.

ಒಂದು ತಿಂಗಳು ಬರೆಯಲಾಗಲಿಲ್ಲ. ಲೆಕ್ಕದ ವರ್ಷದ ಕೊನೆ, ಆಫೀಸಿನಲ್ಲಿ ಬಿಲ್ಟಿಗಳ, ಅಂದರೆ ಸರಕಿನ ರಸೀದಿಗಳ ರಾಶಿ. ರೊಟ್ಟಿ ಒಂದೂ ಒಡೆಯದೆ ಬಂದವು. “ಗಂಟಿನ ಮ್ಯಾಲ ಏನೂ ಇಡಬ್ಯಾಡ ಅಂತ ಮೂರ ಸಲ ಹೇಳ್ಯಾರ್ರೀ ಅಕ್ಕಾರ, ಹೊಳ್ಳಿ ಲಾರಿ ಹತ್ತಿ ನೋಡ್ಯಾರ” ಎಂದು ಸಂಗಪ್ಪ ನಿಮ್ಮ ಮೇಲೆ ದೂರು ಹೇಳಿದ.

ನಾಲ್ಕನೆಯ ಕೀಮೋ ಹೋದ ಸೋಮವಾರ ಆಯಿತು. ಡಾಕ್ಟರು ಪ್ರತಿ ಸಲ ದಣಿವು ಎಷ್ಟಿದೆ ಎಂದು ಕೇಳುತ್ತಾರೆ. ನಾನು ಇಲ್ಲವೇ ಇಲ್ಲ ಎನ್ನುತ್ತೇನೆ. ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸೊಬ್ಬಳು ‘ಬಹಳ ಇದೆ’ ಅಂದಳು, ಅವಳ ಕೀಮೋ ಮುಂದೆ ಹಾಕಿ ಮನೆಗೆ ಕಳಿಸಿದರು. ಅಂಥ ತಪ್ಪು ನಾನು ಮಾಡುವವಳಲ್ಲ. ಆರೂ ಹೇಳಿದ ದಿನಕ್ಕೆ ಮುಗಿಯಬೇಕು.

ಒಂದು ವಿಷಯಕ್ಕೆ ಮನಸ್ಸು ಕೆಟ್ಟಿದೆ. ನಮ್ಮ ಗುಂಪಿನ ಶುಭಾಂಗಿ ನಿಮಗೆ ಗೊತ್ತಲ್ಲ, ನೆರೂಳಿನಲ್ಲಿ ಹತ್ತುವ ಮರಾಠಿಯವಳು, ನಮ್ಮೆಲ್ಲರಿಗಿಂತ ಹಿರಿಯಳು. ಈ ರಜೆಗೆ ಮುಂಚಿನ ಗುರುವಾರ ವಾಶಿ ಬಂತು, ನಾನು ಎದ್ದು ಅವಳಿಗೆ ಸೀಟು ತೋರಿಸಿದೆ. ಅವಳು ಕೂರಲಿಲ್ಲ. ಎಲ್ಲರ ಎದುರಿಗೆ ಕೈ ಮುಂದೆ ಮಾಡಿ, “ಅಗ, ತುಝಾ ಡಬ್ಬಾ ತಿಕಡೆ ಆಹೆ” ಅಂದಳು. ನಿನ್ನ ಡಬ್ಬಿ ಆ ಕಡೆ ಇದೆ ಎಂದು. ಲೋಕಲ್ಲಿನಲ್ಲಿ ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಒಂದು ಸಣ್ಣ ಡಬ್ಬಿ ಬೇರೆ ಇರುತ್ತದೆ, ಹೊರಗೆ ದೊಡ್ಡದಾಗಿ ಬರೆದಿರುತ್ತಾರೆ. ಅಲ್ಲಿಗೆ ಹೋಗು ಎಂದಳು.

ಹನ್ನೆರಡು ವರ್ಷ ಗಾಡಿಯಲ್ಲಿ ಒಟ್ಟಿಗೆ ಕೂತು ಬಟಾಣಿ ಸುಲಿದವಳು, ವೈನಿ. ಸ್ನೇಹಲ್ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಶೀರಾ ಮಾಡಿ ತರುವವಳು. ನನ್ನನ್ನು ಗುಂಪಿನಿಂದ ತೆಗೆದು ಹಾಕಿದಳು. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತೆ.

ನಿಮ್ಮ
ನಾಗರತ್ನಾ


ವಿಜಯಪುರ
೨೨ ಮಾರ್ಚ್ ೨೦೨೪

ನಾಗೂ,

ಪತ್ರ ಓದಿ ನನ್ನ ಮೈಯೆಲ್ಲ ಉರಿಯಿತು. ಆ ಶುಭಾಂಗಿ ಯಾವ ಊರಿನ ನ್ಯಾಯಾಧೀಶೆ? ರೋಗ ಬಂದವರನ್ನು ಬೇರೆ ಕೂರಿಸುವುದು ನಮಗೇನು ಹೊಸದೇ? ನಮ್ಮ ಸೋದರತ್ತೆಗೆ ಕ್ಷಯ ಆದಾಗ ಅವಳ ತಾಟು, ತಂಬಿಗೆ ಬೇರೆ ಇಟ್ಟಿದ್ದರು. ಅವಳು ಕ್ಷಯಕ್ಕಿಂತ ಮೊದಲು ಆ ತಾಟಿನಿಂದ ಸತ್ತಳು.

ನೀನು ಆ ಡಬ್ಬಿ ಹತ್ತಬೇಡ. ನಿನ್ನ ಜಾಗ ಬಿಡಬೇಡ. ವಾಶಿ ಬಂದ ಕೂಡಲೇ ಎಲ್ಲರಿಗಿಂತ ಮೊದಲು ಎದ್ದು ನಿಲ್ಲು, ನಿನ್ನ ನಿಲುಗಡೆ ಬರುವವರೆಗೂ ನಿಂತೇ ಹೋಗು. ಕಾಲು ನೋವಾದರೆ ಮನೆಗೆ ಬಂದು ಬಿಸಿನೀರು ಹಾಕಿಕೋ. ಅವಳ ಕಣ್ಣಿಗೆ ಕಾಣಲಿ.

ಓಣಿಯವರು ದಿನಾ ನಿನ್ನನ್ನು ಕೇಳುತ್ತಾರೆ. ಭುವನೇಶ್ವರಿ ಈಗ ಬೆಳಿಗ್ಗೆ ಆರಕ್ಕೆ ಎದ್ದು ಅಂಗಳ ಗುಡಿಸುತ್ತಾಳೆ. ನಿನ್ನಿಂದ ಕಲಿತೆ ಎನ್ನುತ್ತಾಳೆ.

ನಿನ್ನ
ವೈನಿ


ಪನವೇಲ್
೭ ಏಪ್ರಿಲ್ ೨೦೨೪

ವೈನಿ,

ಈ ಪತ್ರಕ್ಕೆ ಮೊದಲ ಸಾಲು ಇಲ್ಲ. ಆರಾಮ ಇದ್ದೇವೆ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಹೆದರಬೇಡಿ. ಒಳ್ಳೆಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದನ್ನು ನಿಧಾನವಾಗಿ ಓದಿ. ರೋಗ ಬೆಳೆದಿಲ್ಲ. ಔಷಧ ತನ್ನ ಕೆಲಸ ಮಾಡುತ್ತಿದೆ.

ನಾನು ಇಷ್ಟು ದಿನ ನಿಮಗೆ ಸುಳ್ಳು ಬರೆದೆ. ಎರಡನೆಯ ಕೀಮೋದಿಂದ ನನ್ನಲ್ಲಿ ಜೀವವಿರಲಿಲ್ಲ. ಹಬ್ಬಕ್ಕೆ ನಾವಿಬ್ಬರೂ ನೂರೈವತ್ತು ಹೋಳಿಗೆ ಬೇಯಿಸಿ ದಣಿಯುತ್ತಿದ್ದೆವಲ್ಲ, ಮಲಗಿ ಎದ್ದರೆ ಅದು ಹೋಗುತ್ತಿತ್ತು. ಇದು ಹೋಗುವುದಿಲ್ಲ. ಹತ್ತು ತಾಸು ನಿದ್ದೆ ಮಾಡಿ ಎದ್ದರೂ ಮಲಗುವಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹಲ್ಲುಜ್ಜಿ ಬಂದು ಕೂರಬೇಕು. ಸೀರೆಯ ನೆರಿಗೆ ಹಿಡಿದು ನಿಂತವಳು ಮುಂದೇನು ಮಾಡಬೇಕೆಂದು ಮರೆತು ನಿಲ್ಲುತ್ತಿದ್ದೆ. ಬಾಚಲು ಕೂದಲಿಲ್ಲದ್ದು ಒಂದು ಉಪಕಾರವೇ ಆಗಿತ್ತು. ನೀವು ಕಳಿಸಿದ ರೊಟ್ಟಿ ಜಗಿಯಲು ದವಡೆಗೆ ಶಕ್ತಿ ಇರಲಿಲ್ಲ, ಹಾಲಿನಲ್ಲಿ ನೆನೆಸಿ ನುಂಗಿದೆ.

ಇಷ್ಟು ದಣಿವೆಂದರೆ ಒಳಗೆ ರೋಗ ಬೆಳೆಯುತ್ತಿದೆ, ಔಷಧ ಹತ್ತುತ್ತಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಡಾಕ್ಟರಿಗೆ ಹೇಳಿದರೆ ಅವರೂ ಅದನ್ನೇ ಹೇಳಿ ಚಿಕಿತ್ಸೆ ನಿಲ್ಲಿಸುತ್ತಾರೆ ಎಂಬ ಹೆದರಿಕೆ. “ಮಮ್ಮೀ, ತೂ ಡಾಕ್ಟರ್‌ಗೆ ಝೂಟ್ ಯಾಕ ಹೇಳ್ತಿ?” ಎಂದು ಸ್ನೇಹಲ್ ಒಮ್ಮೆ ಕೇಳಿದಳು. ಅವಳನ್ನು ಗದರಿಸಿದೆ. ನಿಮಗೆ ಹೇಗೆ ಹೇಳಲಿ? ನೀವು ಓಣಿಗೆಲ್ಲ ನನ್ನ ಗಟ್ಟಿತನ ಓದಿ ಹೇಳುತ್ತಿದ್ದಿರಿ.

ಮಾರ್ಚ್ ಇಪ್ಪತ್ತೇಳರಂದು ನೀವು ಹೇಳಿದಂತೆ ವಾಶಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತೆ. ಗಾಡಿ ಖಾಡಿಯ, ಸಮುದ್ರದ ಹಿನ್ನೀರಿನ ಸೇತುವೆ ಹತ್ತಿತು. ಅದು ಮುಗಿಯುವುದೇ ಇಲ್ಲ, ವೈನಿ. ನೀರು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ. ಮಾನ್‌ಖುರ್ದಿನಲ್ಲಿ ಕಣ್ಣು ಬಿಟ್ಟಾಗ ಪ್ಲಾಟ್‌ಫಾರ್ಮಿನ ಬಾಕಿನ ಮೇಲೆ ಇದ್ದೆ, ತಲೆ ಶುಭಾಂಗಿಯ ತೊಡೆಯ ಮೇಲಿತ್ತು. ಉಳಿದವರನ್ನು ಅವಳೇ ಕೆಲಸಕ್ಕೆ ಕಳಿಸಿ ತಾನೊಬ್ಬಳೇ ಇಳಿದಿದ್ದಳು.

ನೀರು ಕುಡಿಸಿದಳು, ಬೈದಳು, ಆಮೇಲೆ ಹೇಳಿದಳು. ಏಳು ವರ್ಷದ ಹಿಂದೆ ಅವಳು ನಮ್ಮ ಗುಂಪು ಬಿಟ್ಟು ಎಂಟು ತಿಂಗಳು ಹೋಗಿದ್ದಳು. ಫಸ್ಟ್ ಕ್ಲಾಸ್ ಪಾಸ್ ತೆಗೆಸಿದ್ದೇನೆ ಎಂದಿದ್ದಳು. ನಾವೆಲ್ಲ ಅವಳಿಗೆ ಸೊಕ್ಕು ಬಂತು ಎಂದುಕೊಂಡೆವು. ಆ ಸಂಕ್ರಾಂತಿಗೆ ಗಾಡಿಯಲ್ಲಿ ಎಲ್ಲರೂ ಎಳ್ಳುಂಡೆ ಹಂಚಿದೆವು. ನಾನು ನೆರೂಳ್ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಅವಳನ್ನು ಕಿಟಕಿಯಿಂದ ನೋಡಿ, ಫಸ್ಟ್ ಕ್ಲಾಸಿನವರ ಬಾಯಿಗೆ ನಮ್ಮ ಎಳ್ಳುಂಡೆ ರುಚಿಸುವುದೇ ಎಂದು ಅವಳಿಗೆ ಕೇಳುವಂತೆ ಅಂದು ಉಂಡೆಯ ಡಬ್ಬಿ ಮುಚ್ಚಿದ್ದೆ.

ಅವಳು ಫಸ್ಟ್ ಕ್ಲಾಸಿಗೆ ಹೋಗಿರಲಿಲ್ಲ, ವೈನಿ. ಆ ಸಣ್ಣ ಡಬ್ಬಿಯಲ್ಲಿ ಹೋಗುತ್ತಿದ್ದಳು. ಅವಳಿಗೂ ಇದೇ ರೋಗ, ಇದೇ ಕೀಮೋ. ಆಗ ಮಗಳ ಸಂಬಂಧದ ಮಾತು ನಡೆದಿತ್ತು, ಯಾರಿಗೂ ಗೊತ್ತಾಗದಿರಲಿ ಎಂದು ಮುಚ್ಚಿಟ್ಟಿದ್ದಳು. ಮೊನ್ನೆ ನನಗೆ ಡಬ್ಬಿ ತೋರಿಸಿದಾಗಲೂ ಎಲ್ಲರ ಎದುರಿಗೆ ಅಷ್ಟಕ್ಕಿಂತ ಹೆಚ್ಚು ಬಾಯಿ ಬಿಡಲಾಗಲಿಲ್ಲವಂತೆ. “ಮಾಝಾ ಡಬ್ಬಾ ಹೋತಾ ತೋ” ಅಂದಳು. ಅದು ನನ್ನ ಡಬ್ಬಿಯಾಗಿತ್ತು ಎಂದು. ನಾನು ಅವಳ ಕೈ ಹಿಡಿದುಕೊಂಡು ಅಷ್ಟು ಜನರ ನಡುವೆ ಗಟ್ಟಿಯಾಗಿ ಅತ್ತೆ. ಅವಮಾನಕ್ಕಲ್ಲ. ಆ ದಣಿವು ಹೊತ್ತುಕೊಂಡು ಹೋದ ಒಬ್ಬಳು ಏಳು ವರ್ಷ ಬದುಕಿ, ಗಟ್ಟಿಮುಟ್ಟಾಗಿ ನನ್ನನ್ನು ಬೈಯುತ್ತ ಕೂತಿದ್ದಾಳಲ್ಲ ಎಂಬ ಸಮಾಧಾನಕ್ಕೆ ಅತ್ತೆ.

ಮರುದಿನ ಅವಳೇ ಆಸ್ಪತ್ರೆಗೆ ಬಂದಳು. ಡಾಕ್ಟರು ಎಂದಿನಂತೆ ಕೇಳಿದರು. ನಾನು ಮೊದಲ ಸಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ರಕ್ತ ತೆಗೆಸಿ ನೋಡಿದರೆ ಅದರಲ್ಲಿ ಇರಬೇಕಾದ ಕಸುವಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿದಿತ್ತು. ಒಂದು ಬಾಟಲಿ ರಕ್ತ ಏರಿಸಿದರು. ಕೀಮೋ ಒಂದು ವಾರ ಮುಂದೆ ಹೋಯಿತು, ಅಷ್ಟೇ. ಒಂದು ವಾರಕ್ಕೆ ಏನೂ ಕೆಡುವುದಿಲ್ಲ, ಹೇಳದೆ ಬಿದ್ದರೆ ಕೆಡುತ್ತದೆ ಎಂದರು. ಉಳಿದ ದಣಿವು ಔಷಧದ್ದೇ, ರೋಗ ಬೆಳೆದದ್ದರ ಗುರುತಲ್ಲ, ಅದು ನಿಧಾನವಾಗಿ ಹೋಗುತ್ತದೆ ಎಂದೂ ಹೇಳಿದರು. ಹೊರಗೆ ಬಂದಾಗ ಚಪ್ಪಲಿ ಹಗುರಾದಂತೆ ಅನ್ನಿಸಿತು.

ಅಲ್ಲಿಯ ನರ್ಸ್ ಕೆಲವು ಮಾತು ಹೇಳಿಕೊಟ್ಟಳು. ದಿನದಲ್ಲಿ ಯಾವ ಹೊತ್ತು ಜೀವ ಚೆನ್ನಾಗಿರುತ್ತದೋ ನೋಡಿಕೊಂಡು ಬೇಕಾದ ಒಂದು ಕೆಲಸ ಆಗಲೇ ಮಾಡಬೇಕು. ನನಗೆ ಹತ್ತರಿಂದ ಹನ್ನೆರಡು. ಬಿದ್ದ ಮೇಲೆ ಮಲಗುವುದಲ್ಲ, ಬೀಳುವ ಮುಂಚೆ ಕೂರಬೇಕು. ದಿನವಿಡೀ ಮಲಗಿದರೂ ದಣಿವು ಹೆಚ್ಚುತ್ತದೆ, ಆದ್ದರಿಂದ ಸಂಜೆ ಹತ್ತು ನಿಮಿಷ ನಡೆಯಬೇಕು. ನಮ್ಮ ಬಿಲ್ಡಿಂಗಿನ ಪ್ಯಾಸೇಜಿನಲ್ಲಿ ಸ್ನೇಹಲ್ ತೋಳು ಹಿಡಿದು ನಡೆಯುತ್ತೇನೆ. ಚಪಾತಿ ಈಗ ನಮ್ಮ ಮನೆಯವರ ಪಾಲಿಗೆ. ಒಂದೊಂದು ಚಪಾತಿಗೆ ಒಂದೊಂದು ರಾಜ್ಯದ ಆಕಾರ, ಆದರೆ ಬೆಂದಿರುತ್ತವೆ.

ನಾಳೆ ಐದನೆಯ ಕೀಮೋ. ಆಮೇಲೆ ಆ ಸಣ್ಣ ಡಬ್ಬಿಯಲ್ಲೇ ಹೋಗುತ್ತೇನೆ. ನಿಮಗೆ ಬೇಜಾರಾದರೆ ಆಗಲಿ. ಒಂದು ಕೇಳಲೇ? ಸ್ವಲ್ಪ ಎಳ್ಳುಂಡೆ ಮಾಡಿ ಕಳಿಸಿ.

ನಿಮ್ಮ
ನಾಗೂ


ವಿಜಯಪುರ
೧೫ ಏಪ್ರಿಲ್ ೨೦೨೪

ನನ್ನ ನಾಗೂಗೆ,

ನಿನ್ನ ಪತ್ರ ಕಟ್ಟೆಯ ಮೇಲೆ ಓದಲಿಲ್ಲ. ದೇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಮಕ್ಕಳಿಗೆ ನೂರು ಸಲ ಬರೆಸಿದವಳು ನಾನು. ಸೇತುವೆಯ ಮೇಲೆ ನಿನ್ನನ್ನು ನಿಲ್ಲಿಸಿದ್ದು ನನ್ನ ಮಾತು. ತಪ್ಪಾಯಿತು, ತಂಗಿ.

ಇನ್ನೊಂದು ತಪ್ಪೂ ಹೇಳಿಬಿಡುತ್ತೇನೆ. ನಿನ್ನ ಅಕ್ಷರ ಕೆಳಗಿಳಿಯುತ್ತಿದೆ ಎಂದು ಬರೆದಿದ್ದೆನಲ್ಲ, ಅದು ಕಾಪಿ ತಿದ್ದಿದ್ದಲ್ಲ. ನಿನಗೆ ಕೈ ಎತ್ತಲಾಗುತ್ತಿಲ್ಲ ಎಂದು ನನಗೆ ಅವತ್ತೇ ಹೊಳೆದಿತ್ತು. ಮಾರ್ಚಿನ ಪತ್ರದಲ್ಲಿ ಕೊನೆಯ ಸಾಲುಗಳು ಹಾಳೆಯ ಅಂಚಿಗೆ ಹೋಗಿ ಬಿದ್ದಿದ್ದವು. ಕಂಡೂ ಕಾಣದವಳ ಹಾಗೆ ಮೊದಲು ಗೆರೆ ಹಾಳೆ ತಗೋ ಎಂದೆ, ಆಮೇಲೆ ಅದರ ಮಾತೇ ಎತ್ತಲಿಲ್ಲ. ಯಾಕೆಂದರೆ ನನಗೆ ಹೆದರಿಕೆ, ನಾಗೂ. ನೀನು ಗಟ್ಟಿ ಎಂದು ಊರಿಗೆಲ್ಲ ಹೇಳಿದರೆ ಅದು ನಿಜವಾಗುತ್ತದೆ ಎಂದುಕೊಂಡೆ. ಮಕ್ಕಳಿಲ್ಲದ ನನಗೆ ನೀನೇ ಮೊದಲ ಮಗಳು. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಓಣಿಗೆ ಈಗ ನಿಜ ಹೇಳಿದ್ದೇನೆ. ನಮ್ಮ ನಾಗೂಗೆ ದಣಿವಾಗಿದೆ, ಕೂತು ಹೋಗುತ್ತಾಳೆ ಎಂದೆ. ಭುವನೇಶ್ವರಿ, “ಹಂಗಾರ ನಾನೂ ನಾಳಿಂದ ಏಳಕ್ಕ ಏಳ್ತೇನ್ರಿ” ಅಂದಳು. ಬಹಳ ದಿನದ ಮೇಲೆ ನಗು ಬಂತು.

ಎಳ್ಳುಂಡೆ ಕಳಿಸಿದ್ದೇನೆ. ಸಂಕ್ರಾಂತಿ ಮುಗಿದು ಮೂರು ತಿಂಗಳು, ಇಲ್ಲಿ ನೆಲ ಕಾಯ್ದ ಹಂಚಾಗಿದೆ, ಬೇಸಿಗೆಗೆ ಎಳ್ಳು ಉಷ್ಣ. ಒಂದೊಂದೇ ತಿನ್ನಿ. ಮೇಲಿನ ಪೊಟ್ಟಣ ಶುಭಾಂಗಿಬಾಯಿ ಅವರಿಗೆ, ಆಕೆಗೆ ನನ್ನ ನಮಸ್ಕಾರ ಹೇಳು. ರೊಟ್ಟಿ ಈ ಸಲ ಕಡಕ್ ಅಲ್ಲ, ಮೆತ್ತನ್ನವು. ಸಂಗಪ್ಪ ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಹೋಗುತ್ತೇನೆ ಎಂದಿದ್ದಾನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು. ಇನ್ನು ನಿನ್ನ ಪತ್ರಕ್ಕೆ ನಾನು ಕಲಿಸಿದ ಮೊದಲ ಸಾಲು ಬೇಡ. ಎಷ್ಟು ಹೊತ್ತು ನಡೆದೆ, ಎಷ್ಟು ತಿಂದೆ, ಅಷ್ಟು ಬರೆ. ಆರಾಮ ಎಂದು ಯಾವತ್ತು ಬರೆಯಬೇಕೋ ನಿನಗೇ ತಿಳಿಯುತ್ತದೆ.

ನಿನ್ನ
ವೈನಿ


ಪನವೇಲ್
೧೨ ಮೇ ೨೦೨೪

ವೈನಿ,

ಹದಿನೈದು ನಿಮಿಷ ನಡೆದೆ. ಎರಡು ಮೆತ್ತನ್ನ ರೊಟ್ಟಿ ತಿಂದೆ. ಆರೂ ಕೀಮೋ ಮುಗಿದವು. ಮುಂದೆ ಮೂರು ವಾರ ಕರೆಂಟು, ಅಂದರೆ ರೇಡಿಯೇಷನ್ ಕೊಡುತ್ತಾರಂತೆ, ಅದಕ್ಕೂ ದಣಿವಾಗುತ್ತದೆ ಎಂದು ಈಗಲೇ ಹೇಳಿದ್ದಾರೆ. ಗೊತ್ತಿದ್ದರೆ ಅರ್ಧ ಹಗುರ.

ಶುಭಾಂಗಿ ಪೊಟ್ಟಣ ಬಿಚ್ಚಿ ಮೂರು ಉಂಡೆ ಒಮ್ಮೆಗೇ ತಿಂದಳು, ಉಷ್ಣದ ಮಾತು ಕೇಳಲಿಲ್ಲ. ನಾನಿರುವ ಸಣ್ಣ ಡಬ್ಬಿಯಲ್ಲಿ ಧಾರಾವಿಯ ಚರ್ಮದ ಕಾರ್ಖಾನೆಯ ಒಬ್ಬ ಅಜ್ಜ ದಿನಾ ಎದುರಿಗೆ ಕೂರುತ್ತಾನೆ. ಅಲ್ಲಿ ಯಾರೂ ಯಾರಿಗೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೂರುತ್ತೇವೆ, ಕಣ್ಣು ಮುಚ್ಚುತ್ತೇವೆ. ವಡಾಲ ಬಂದರೆ ಅಜ್ಜ ನನ್ನನ್ನು ಎಬ್ಬಿಸುತ್ತಾನೆ.

ಇಷ್ಟೇ ಇವತ್ತು. ಕೈ ಸೋತಿತು, ನಿಲ್ಲಿಸುತ್ತೇನೆ.

ನಾಗೂ


ಪನವೇಲ್
೩ ನವೆಂಬರ್ ೨೦೨೪

ಬಸಲಿಂಗವ್ವ ವೈನಿಯವರಿಗೆ ನಾಗರತ್ನಾಳ ನಮಸ್ಕಾರಗಳು.

ದೀಪಾವಳಿಗೆ ನೀವು ಕಳಿಸಿದ ಕರದಂಟು ತಲುಪಿತು. ತಲೆಯ ಮೇಲೆ ಎರಡು ಬೆರಳು ಕೂದಲು ಬಂದಿದೆ, ಅದೂ ಗುಂಗುರು. ಜಡೆ ಹೆಣೆಯಲು ಇನ್ನೂ ಎರಡು ವರ್ಷ ಬೇಕು, ಕೈಗೆ ಎಣ್ಣೆ ಹಚ್ಚಿಕೊಂಡು ಕಾಯಿರಿ. ಚಿಕಿತ್ಸೆಯೆಲ್ಲ ಮುಗಿದು ತಿಂಗಳುಗಳಾದರೂ ಆ ದಣಿವು ಬಾಗಿಲ ಬಳಿಯೇ ಕೂತಿತ್ತು. ಒಂದು ದಿನ ಇಲ್ಲದಂತಿರುತ್ತಿತ್ತು, ಮರುದಿನ ಬಂದು ಕೂರುತ್ತಿತ್ತು. ಹಾಗೆಯೇ ಆಗುತ್ತದೆ, ಕಾಯಬೇಕು ಎಂದು ಶುಭಾಂಗಿ ಹೇಳಿದ್ದಳು, ಕಾದೆ.

ಮೊನ್ನೆ ಮಂಗಳವಾರ ಡಾಕ್ಟರು ಎಲ್ಲ ನೋಡಿ, ಇನ್ನು ಆರು ತಿಂಗಳು ನಿನ್ನ ಮುಖ ತೋರಿಸಬೇಡ ಎಂದರು. ಬುಧವಾರ ಸಣ್ಣ ಡಬ್ಬಿಯ ಅಜ್ಜನಿಗೆ ಹೇಳಿ, ನಮ್ಮ ಗುಂಪಿನ ಡಬ್ಬಿ ಹತ್ತಿದೆ. ಕಿಟಕಿ ಪಕ್ಕದ ನನ್ನ ಜಾಗ ಹಾಗೇ ಇಟ್ಟಿದ್ದರು. ವಾಶಿ ಬಂತು. ನಾನು ಎದ್ದೆ. ಬೇಡ, ಕೂತಿರು ಎಂದು ಎರಡು ಮೂರು ಕೈಗಳು ಭುಜ ಹಿಡಿದವು. ಶುಭಾಂಗಿ ಮಾತ್ರ ಸರದಿ ತನ್ನದೆಂಬಂತೆ ಬಂದು ನನ್ನ ಸೀಟಿನಲ್ಲಿ ಆರಾಮವಾಗಿ ಕೂತು, ಚೀಲದಿಂದ ಬಟಾಣಿ ತೆಗೆದು ಸುಲಿಯತೊಡಗಿದಳು. ಅಷ್ಟು ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ.

ಸೇತುವೆ ಪೂರ್ತಿ ನಿಂತೆ. ವಡಾಲದವರೆಗೂ ನಿಂತೆ. ಆಫೀಸಿನಲ್ಲಿ ಹಬ್ಬದ ಮುಂಚಿನ ಗದ್ದಲ, ಬಿಲ್ಟಿ ಬರೆದು ಬರೆದು ಬೆರಳು ನೋಯತೊಡಗಿದವು. ಸಂಜೆ ದಾದರ್‌ಗೆ ಹೋಗಿ ಪಣತಿ, ಚೆಂಡು ಹೂ ಕೊಂಡು ಆ ಜನಜಂಗುಳಿಯಲ್ಲಿ ಒಂದು ತಾಸು ಅಲೆದೆ. ಮನೆಗೆ ಬಂದು ಬಿದ್ದುಕೊಂಡಾಗ ಹಿಮ್ಮಡಿ, ಸೊಂಟ, ಕುತ್ತಿಗೆ ಎಲ್ಲ ಸಿಡಿಯುತ್ತಿದ್ದವು. ಹೆದರಿಕೆಯಾಯಿತು, ವೈನಿ. ಮತ್ತೆ ಬಂತೇ ಎಂದುಕೊಂಡೇ ಕಣ್ಣು ಮುಚ್ಚಿದೆ.

ಬೆಳಿಗ್ಗೆ ಎದ್ದೆ. ಹಲ್ಲುಜ್ಜಿದೆ, ಚಹಾ ಇಟ್ಟೆ, ಸೀರೆ ಉಟ್ಟೆ. ನೆರಿಗೆ ಹಿಡಿದಾಗಲೇ ನೆನಪಾಯಿತು, ನಡುವೆ ಎಲ್ಲೂ ಕೂತಿಲ್ಲವೆಂದು. ರಾತ್ರಿಯ ದಣಿವು ನಿದ್ದೆಯಲ್ಲಿ ಹೋಗಿಬಿಟ್ಟಿತ್ತು. ಎಲ್ಲರಿಗೂ ಬಂದು ಹೋಗುವ ದಣಿವೇ ಅದು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ.

ನಿಮ್ಮ
ನಾಗೂ